ಕೋಚ್ ಬದಲಾದರೆ ಸಾಲದು: ಪೂರ್ವ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳ ಮನವಿ

ಇವರಿಗೆ: ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿ, ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಬೆಂಗಳೂರು

ಇವರಿಂದ: ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೆ.ಆರ್. ಪುರ ಭಾಗದ ಫುಟ್‌ಬಾಲ್ ಅಭಿಮಾನಿಗಳು

ವಿಷಯ: ಕೋಚ್‌ಗಳ ಪದೇಪದೇ ನಿರ್ಗಮನ, ಕುಸಿದ ಆಟ ಮತ್ತು ಸ್ಥಳೀಯ ತರಬೇತಿಯ ಕುರಿತು ಬೇಡಿಕೆಗಳು

ಮಾನ್ಯರೇ,

2023ರ ಡಿಸೆಂಬರ್ 8ರ ರಾತ್ರಿ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ತಂಡ ನಾಲ್ಕು ಗೋಲು ಹೊಡೆಯಿತು. ಬೆಂಗಳೂರು ಎಫ್‌ಸಿಗೆ ಒಂದೂ ಸಿಗಲಿಲ್ಲ. ಮರುದಿನವೇ ಕೋಚ್ ಸೈಮನ್ ಗ್ರೇಸನ್ ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡಲಾಯಿತು. ಆ ಹೊತ್ತಿಗೆ ಇಂಡಿಯನ್ ಸೂಪರ್ ಲೀಗ್‌ನ ಒಂಬತ್ತು ಪಂದ್ಯಗಳಲ್ಲಿ ತಂಡ ಗೆದ್ದಿದ್ದು ಒಂದನ್ನು ಮಾತ್ರ. ಇದೇ ಗ್ರೇಸನ್ 2022ರ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ತಂದುಕೊಟ್ಟಿದ್ದರು. 2023ರ ಮಾರ್ಚ್‌ನಲ್ಲಿ ತಂಡವನ್ನು ಲೀಗ್‌ನ ಫೈನಲ್‌ಗೆ ಒಯ್ದಿದ್ದರು, ಅಲ್ಲಿ ಸೋಲು ಬಂದದ್ದು ಪೆನಾಲ್ಟಿಯಲ್ಲಿ. ಅದಾಗಿ ಒಂಬತ್ತು ತಿಂಗಳು ತುಂಬುವಷ್ಟರಲ್ಲಿ ಅವರು ಹೊರಗಿದ್ದರು.

ಅವರು ಹೋದದ್ದಕ್ಕೆ ಮನವಿದಾರರ ಆಕ್ಷೇಪವಿಲ್ಲ. ತಂಡ ಸೋಲುತ್ತಲೇ ಇದ್ದರೆ ಕೋಚ್ ಹೊಣೆ ಹೊರಬೇಕು, ಎಲ್ಲ ದೇಶಗಳಲ್ಲೂ ನಡೆಯುವುದು ಹಾಗೆಯೇ. ಆದರೆ ಕೋಚ್ ಹೋದ ಮೇಲೂ ಆ ಋತುವಿನ ಆಟ ಸುಧಾರಿಸಲಿಲ್ಲ. 12 ತಂಡಗಳ ಪಟ್ಟಿಯಲ್ಲಿ ಬೆಂಗಳೂರು 10ನೇ ಸ್ಥಾನದಲ್ಲಿ ನಿಂತಿತು. ಹಾಗಾದರೆ ಕೆಟ್ಟದ್ದೇನು? ಆಟಗಾರರ ಆಯ್ಕೆಯೇ, ಅಭ್ಯಾಸವೇ, ಮೇಲಿನವರ ಯೋಜನೆಯೇ? ದುಡ್ಡು ಕೊಟ್ಟು ಟಿಕೆಟ್ ಕೊಂಡು, ಕೆಲಸ ಮುಗಿಸಿ ಓಡೋಡಿ ಬಂದು ಗ್ಯಾಲರಿಯಲ್ಲಿ ಗಂಟಲು ಹರಿಯುವಂತೆ ಕೂಗಿದವರಿಗೆ ಎದುರು ಕುಳಿತು ಉತ್ತರ ಹೇಳುವ ಏರ್ಪಾಡು ಇಲ್ಲಿಲ್ಲ. ಈ ಮನವಿ ಹುಟ್ಟಿದ್ದು ಅದರಿಂದ.

ಕ್ಲಬ್ಬಿನ ಚರಿತ್ರೆಯನ್ನು ತಾವು ಹತ್ತಿರದಿಂದ ಬಲ್ಲಿರಿ. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಮೋಹನ್ ಬಾಗಾನ್ ವಿರುದ್ಧ 1–1 ಡ್ರಾ ಮಾಡಿಕೊಂಡು ಅದು ಐ-ಲೀಗ್‌ಗೆ ಕಾಲಿಟ್ಟಿತು. ಆಶ್ಲಿ ವೆಸ್ಟ್‌ವುಡ್ ಮೊದಲ ಋತುವಿನಲ್ಲೇ ಪ್ರಶಸ್ತಿ ಗೆಲ್ಲಿಸಿದರು. ಆಲ್ಬರ್ಟ್ ರೋಕಾ ಕಾಲದಲ್ಲಿ, 2016ರ ಅಕ್ಟೋಬರ್ 19ರಂದು, ಕಂಠೀರವದಲ್ಲಿ ಮಲೇಷ್ಯಾದ ಜೋಹೊರ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಕಾರ್ಲೆಸ್ ಕ್ವಾದ್ರತ್ 2019ರ ಮಾರ್ಚ್‌ನಲ್ಲಿ ಸೂಪರ್ ಲೀಗ್ ಗೆಲ್ಲಿಸಿದರು. 2013ರಿಂದ ಅಲ್ಲಿಯವರೆಗೆ ಬಂದ ದೊಡ್ಡ ಪ್ರಶಸ್ತಿಗಳು ಆರು. ಅದರಾಚೆಗೆ 2024–25ರ ಋತು ಮುಗಿಯುವವರೆಗೆ ಬಂದದ್ದು ಒಂದೇ, ಆ ಡ್ಯುರಾಂಡ್ ಕಪ್.

ಕೋಚ್‌ಗಳ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಏಳೂವರೆ ವರ್ಷಕ್ಕೆ ಮೂವರೇ ಕೋಚ್‌ಗಳು ಸಾಕಾದರು. ಆಮೇಲೆ 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ಬೆನ್ನಿಗೆ ಕ್ವಾದ್ರತ್ ಹೋದರು. ಮಾರ್ಕೊ ಪೆಜ್ಜಾಯುವೊಲಿ ಬಂದು 2022ರಲ್ಲಿ ಹೊರಟರು. 2023ರ ಕೊನೆಗೆ ಗ್ರೇಸನ್. ಮೂರು ವರ್ಷ ತುಂಬುವ ಮುನ್ನ ಮೂವರ ನಿರ್ಗಮನ, ನಡುನಡುವೆ ಹಂಗಾಮಿ ಕೋಚ್‌ಗಳು. ಪ್ರತಿಯೊಬ್ಬರೂ ತಮ್ಮದೇ ಆಟದ ಶೈಲಿ ತಂದರು, ತಮಗೆ ಬೇಕಾದ ಆಟಗಾರರನ್ನು ಕೇಳಿದರು, ಹೋಗುವಾಗ ಎಲ್ಲವೂ ಮತ್ತೆ ಮೊದಲಿನಿಂದ ಶುರುವಾಯಿತು. ತಾಳ್ಮೆಯಿಂದ ಆಗುವ ಲಾಭಕ್ಕೂ ಇಲ್ಲೇ ಸಾಕ್ಷಿಯಿದೆ. ಗ್ರೇಸನ್ ಜಾಗಕ್ಕೆ ಬಂದ, ಹಿಂದೆ ಇದೇ ಕ್ಲಬ್ಬಿನಲ್ಲಿ ಸಹಾಯಕರಾಗಿದ್ದ ಜೆರಾರ್ಡ್ ಜರಗೋಜಾ ಅವರಿಗೆ 10ನೇ ಸ್ಥಾನದ ನಂತರವೂ ಇನ್ನೊಂದು ಋತು ಸಿಕ್ಕಿತು. ತಂಡ 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಫೈನಲ್ ಆಡಿತು, ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್‌ಗೆ 1–2ರಿಂದ ಸೋತಿತು.

ಎಲ್ಲ ತಪ್ಪನ್ನೂ ಕ್ಲಬ್ಬಿನ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದೂ ಮನವಿದಾರರಿಗೆ ಗೊತ್ತು. 2025ರ ಜುಲೈನಲ್ಲಿ ಲೀಗನ್ನೇ ತಡೆಹಿಡಿಯಲಾಯಿತು, ಆಗಸ್ಟ್‌ನಲ್ಲಿ ಕ್ಲಬ್ ತನ್ನ ಮೊದಲ ತಂಡದ ಸಂಬಳ ನಿಲ್ಲಿಸಿತು. ಮುಂದಿನ ಪಂದ್ಯ ಯಾವಾಗ ಎಂದೇ ತಿಳಿಯದ ಸ್ಥಿತಿಯಲ್ಲಿ ಯಾವ ಕೋಚ್ ತಾನೇ ಯೋಜನೆ ಹಾಕಿಯಾನು? ಅದು ದೆಹಲಿಯ ಮಟ್ಟದಲ್ಲಿ ಬಗೆಹರಿಯಬೇಕಿದ್ದ ವಿಷಯ. ಬೆಂಗಳೂರಿನಲ್ಲಿ, ತಮ್ಮ ಕೈಯಲ್ಲೇ ಬಗೆಹರಿಯಬಹುದಾದದ್ದನ್ನು ಮಾತ್ರ ಇಲ್ಲಿ ಕೇಳಲಾಗಿದೆ.

ಈ ಭಾಗದ ಜನರಿಗೆ ಫುಟ್‌ಬಾಲ್ 2013ರಲ್ಲಿ ಬಂದದ್ದಲ್ಲ. ದಂಡಿನ ಸೈನಿಕರ ಆಟ ನೋಡುತ್ತ, ಅವರೆದುರೇ ಆಡುತ್ತ ಕಂಟೋನ್ಮೆಂಟಿನ ಹುಡುಗರು ಬೆಳೆದರು. ಬ್ರಿಟಿಷ್ ರೆಜಿಮೆಂಟುಗಳೇ ಹಂಚಿಕೊಳ್ಳುತ್ತಿದ್ದ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡುತ್ತಿದ್ದ ಪಂದ್ಯದಲ್ಲಿ, ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಸಾರಂಗಪಾಣಿ ರಾಮನ್, ಬೆಂಗಳೂರಿನ ಆಟಗಾರ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಈಸ್ಟ್ ಬೆಂಗಾಲ್‌ನ ಪಂಚಪಾಂಡವರೆನಿಸಿದ ಐವರು ಆಟಗಾರರಲ್ಲಿ ಒಬ್ಬರಾದರು.

ಕೆ.ಆರ್. ಪುರದ ಪಕ್ಕದ ದೂರವಾಣಿನಗರದ ಹೆಮ್ಮೆ ಇನ್ನೊಂದಿದೆ. 1977ರಲ್ಲಿ ಫೆಡರೇಷನ್ ಕಪ್ ಮೊದಲ ಸಲ ನಡೆದಾಗ ಅದನ್ನು ಗೆದ್ದದ್ದು ಟೆಲಿಫೋನ್ ಕಾರ್ಖಾನೆಯ ತಂಡ ಐಟಿಐ. ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ಬಾಗಾನ್ ತಂಡ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ಕಾಸ್ಮಾಸ್ ವಿರುದ್ಧ 2–2 ಡ್ರಾ ಮಾಡಿತು. ಹಲಸೂರಿನ ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆಯೂ ನಿಂತಿದ್ದಾರೆ. ಅಲ್ಲಿನ ಮನೆಮನೆಯಲ್ಲೂ ಆಟದ ಮಾತಿದೆ. ವಿಮಾನ ಕಾರ್ಖಾನೆಯ ಎಚ್‌ಎಎಲ್ ತಂಡ 2010ರಿಂದ 2012ರವರೆಗೆ ಎರಡು ಋತು ಐ-ಲೀಗ್‌ನಲ್ಲಿ ಆಡಿತ್ತು.

ಇಷ್ಟೆಲ್ಲ ಇರುವ ಊರಿನ ಕೋಚ್‌ಗಳು ಎಲ್ಲಿದ್ದಾರೆ? ಭಾರತ ತಂಡದ ನಾಯಕರಾಗಿದ್ದ, ಬೆಂಗಳೂರಿನ ಮಗ ಕಾರ್ಲ್‌ಟನ್ ಚಾಪ್‌ಮನ್ ಆಟ ಬಿಟ್ಟ ಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋಗೆ ತರಬೇತಿ ಕೊಟ್ಟರು, ಕೇರಳದಲ್ಲೂ ಕೆಲಸ ಮಾಡಿದರು. 2020ರ ಅಕ್ಟೋಬರ್ 12ರಂದು, ಐವತ್ತೂ ತುಂಬದೆ, ತೀರಿಕೊಂಡರು. ಅವರ ಅನುಭವ ಹುಟ್ಟಿದೂರಿನ ದೊಡ್ಡ ಕ್ಲಬ್ಬಿಗೆ ಸಿಗಲಿಲ್ಲವಲ್ಲ ಎಂಬ ನೋವು ಈ ಕೇರಿಗಳಲ್ಲಿ ಇನ್ನೂ ಇದೆ.

ಸ್ಥಳೀಯ ಕೋಚ್‌ನಿಂದ ಆಗುವುದಿಲ್ಲ ಎನ್ನುವವರಿಗೆ ಒಂದು ವಾರಾಂತ್ಯವನ್ನು ನೆನಪಿಸಬೇಕು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಚೆಟ್ರಿ ಹೊಡೆದ ಫ್ರೀಕಿಕ್‌ಗೆ ಸಿಟ್ಟಾಗಿ ಕೇರಳ ಬ್ಲಾಸ್ಟರ್ಸ್ ತಂಡ ಅಂಗಳ ಬಿಟ್ಟು ಹೊರನಡೆಯಿತು, ದೇಶವೆಲ್ಲ ಅದನ್ನೇ ಮಾತಾಡಿತು. ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದದ್ದೇ ಕೊನೆ, 54 ವರ್ಷಗಳ ಕಾಯುವಿಕೆ ಅಂದು ಮುಗಿಯಿತು. ಕೋಚ್ ರವಿಬಾಬು ರಾಜು. ಆ ತಂಡವನ್ನು ಕಟ್ಟಿದ್ದು ತಮ್ಮದೇ ಸಂಸ್ಥೆ. ಹಾಗಿದ್ದೂ ಆ ಗೆಲುವಿನಿಂದ ಕಲಿತದ್ದು ಬೆಂಗಳೂರಿನ ಕ್ಲಬ್ ಫುಟ್‌ಬಾಲ್‌ಗೆ ಎಷ್ಟು ಹರಿದುಬಂತು ಎಂದು ಮನವಿದಾರರು ನೇರವಾಗಿಯೇ ಕೇಳುತ್ತಿದ್ದಾರೆ.

ಆದ್ದರಿಂದ ಮೊದಲ ಬೇಡಿಕೆ ಉತ್ತರದಾಯಿತ್ವದ್ದು. ರಾಷ್ಟ್ರೀಯ ಲೀಗ್‌ನಲ್ಲಿ ಆಡುವ ಬೆಂಗಳೂರಿನ ಯಾವುದೇ ಕ್ಲಬ್ ಋತುವಿನ ನಡುವೆ ಕೋಚ್ ಬದಲಿಸಿದರೆ, ಒಂದು ತಿಂಗಳೊಳಗೆ ಸಂಸ್ಥೆಯ ಅಧ್ಯಕ್ಷತೆಯಲ್ಲಿ ಬಹಿರಂಗ ಸಭೆ ಕರೆಯಬೇಕು. ಅಲ್ಲಿ ಕ್ಲಬ್ಬಿನ ಪ್ರತಿನಿಧಿ, ಅಭಿಮಾನಿಗಳ ಪ್ರತಿನಿಧಿಗಳು ಮತ್ತು ಹಿರಿಯ ಆಟಗಾರರು ಇರಬೇಕು. ಏನು ತಪ್ಪಿತು, ಮುಂದಿನ ಕೋಚ್‌ನಿಂದ ಏನು ನಿರೀಕ್ಷೆ, ಎಷ್ಟು ಕಾಲ ಕೊಡಲಾಗುತ್ತದೆ ಎಂಬುದನ್ನು ಅಲ್ಲಿ ಹೇಳಬೇಕು. ಖಾಸಗಿ ಕ್ಲಬ್ಬಿನ ಕೋಚನ್ನು ಆರಿಸುವ ಅಧಿಕಾರ ಸಂಸ್ಥೆಗಿಲ್ಲ, ಅದನ್ನು ಯಾರೂ ಕೇಳುತ್ತಲೂ ಇಲ್ಲ. ಆದರೆ ಸಭೆ ಕರೆಯುವ ನೈತಿಕ ಬಲ ರಾಜ್ಯದ ಫುಟ್‌ಬಾಲ್ ನಡೆಸುವ ಸಂಸ್ಥೆಗಿದೆ. ಇಂಗ್ಲೆಂಡಿನಲ್ಲಿ ಮುಖ್ಯ ನಿರ್ಧಾರಗಳಲ್ಲಿ ಅಭಿಮಾನಿಗಳ ಅಭಿಪ್ರಾಯ ಕೇಳುವುದನ್ನು 2025ರ ಫುಟ್‌ಬಾಲ್ ಆಡಳಿತ ಕಾಯ್ದೆಯೇ ಕ್ಲಬ್ಬುಗಳ ಹೊಣೆಯಾಗಿಸಿದೆ. ಇಲ್ಲಿ ಕಾನೂನು ಬರುವವರೆಗೆ ಕಾಯಬೇಕಿಲ್ಲ, ಇಂಥದೊಂದು ಸಭೆ ಸಾಕು.

ಎರಡನೆಯದು ಮನವಿದಾರರು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸಿರುವ ಬೇಡಿಕೆ. ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆ ತಂಡಗಳಲ್ಲಿ ಆಡಿದ, ಆಟ ಬಲ್ಲ, ಆದರೆ ಲೈಸೆನ್ಸ್ ಇಲ್ಲದ ಹಿರಿಯರು ಈ ಬಡಾವಣೆಗಳಲ್ಲಿದ್ದಾರೆ. ಅವರಿಗಾಗಿ ತರಬೇತುದಾರರ ಲೈಸೆನ್ಸ್ ಕೋರ್ಸುಗಳನ್ನು ಪೂರ್ವ ಭಾಗದಲ್ಲೇ, ರಜೆಯ ದಿನಗಳಲ್ಲಿ, ಶುಲ್ಕದ ರಿಯಾಯಿತಿಯೊಂದಿಗೆ ನಡೆಸಬೇಕು. ಪಾಠ ಇಂಗ್ಲಿಷಿನಲ್ಲಷ್ಟೇ ಇರದೆ ಕನ್ನಡದಲ್ಲೂ, ಅಗತ್ಯವಿದ್ದಲ್ಲಿ ತಮಿಳು, ಉರ್ದುವಿನಲ್ಲೂ ವಿವರಿಸಬೇಕು. ಹೀಗೆ ಲೈಸೆನ್ಸ್ ಪಡೆದವರ ಪಟ್ಟಿಯನ್ನು ಕ್ಲಬ್ಬುಗಳಿಗೆ ಕೊಟ್ಟು, ಮೊದಲ ತಂಡದ ಸಿಬ್ಬಂದಿಯಲ್ಲಿ ಕನಿಷ್ಠ ಒಬ್ಬ ಸ್ಥಳೀಯ ಸಹಾಯಕ ಕೋಚ್ ಇರುವಂತೆ ಒತ್ತಾಯಿಸಬೇಕು. ಮುಖ್ಯ ಕೋಚ್ ಹೊರದೇಶಕ್ಕೆ ವಿಮಾನ ಹತ್ತಿದರೂ ತಂಡದ ನೆನಪನ್ನು ಉಳಿಸಿಕೊಳ್ಳುವವರೊಬ್ಬರು ಆಗ ಇಲ್ಲಿರುತ್ತಾರೆ.

ಮೈದಾನದ ಮಾತು ಇದಕ್ಕೆ ಸೇರಿದ್ದೇ. ಇಂದಿರಾನಗರದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ಗಳು ಗೌತಮಪುರದ, ಮರ್ಫಿ ಟೌನಿನ ಮಕ್ಕಳಿಗೆ ಎಟುಕುವುದಿಲ್ಲ. ಅಶೋಕನಗರದ ಸ್ಟೇಡಿಯಮ್ಮಿನಲ್ಲಿ ವಾರಕ್ಕೆ ಕೆಲವು ಹೊತ್ತನ್ನು ಈ ಬಡಾವಣೆಗಳ ಮಕ್ಕಳಿಗೆ ಉಚಿತವಾಗಿ ಮೀಸಲಿಡಬೇಕು. ಹಲಸೂರಿನ ಆರ್‌ಬಿಎಎನ್‌ಎಂಎಸ್ ಮೈದಾನದ ಆಡಳಿತದೊಂದಿಗೂ, ಸಾರ್ವಜನಿಕ ಉದ್ದಿಮೆಗಳೊಂದಿಗೂ ಮಾತಾಡಿ 13 ಮತ್ತು 15 ವರ್ಷದೊಳಗಿನವರಿಗೆ ಪೂರ್ವ ಭಾಗದ್ದೇ ಒಂದು ಲೀಗ್ ಶುರುಮಾಡಬೇಕು. ವೇಳಾಪಟ್ಟಿ ಮುಂಚೆಯೇ ಪ್ರಕಟವಾಗಬೇಕು, ಹೆಣ್ಣುಮಕ್ಕಳಿಗೂ ಅಷ್ಟೇ ಪಂದ್ಯಗಳಿರಬೇಕು.

ಕಂಠೀರವದ ವಿಷಯ ಚಿಕ್ಕದು. ಅಥ್ಲೀಟ್‌ಗಳಿಗೂ ಫುಟ್‌ಬಾಲಿಗೂ ಅಲ್ಲಿ ಹಳೆಯ ತಕರಾರಿದೆ, ಓಟಗಾರರ ಹಕ್ಕನ್ನು ಕಸಿಯುವುದು ಅಭಿಮಾನಿಗಳಿಗೆ ಬೇಡ. ಇಬ್ಬರಿಗೂ ಒಪ್ಪುವ ವಾರ್ಷಿಕ ವೇಳಾಪಟ್ಟಿಯನ್ನು ಕ್ರೀಡಾ ಇಲಾಖೆಯೊಂದಿಗೆ ಕುಳಿತು ಮಾಡಬೇಕು. 2023ರ ಅಕ್ಟೋಬರ್ 9ರಿಂದ ಕೆ.ಆರ್. ಪುರದವರಿಗೆ ಕ್ರೀಡಾಂಗಣದ ಸಮೀಪದ ಕಬ್ಬನ್ ಪಾರ್ಕ್‌ವರೆಗೆ ನೇರ ಮೆಟ್ರೊ ಇದೆ. ಪಂದ್ಯ ಹೆಚ್ಚುವರಿ ಅವಧಿಗೆ ಹೋದ ರಾತ್ರಿಗಳಲ್ಲಿ ಕೊನೆಯ ರೈಲು ತಡವಾಗಿ ಬಿಡುವಂತೆ ಮೆಟ್ರೊ ನಿಗಮಕ್ಕೆ ಸಂಸ್ಥೆಯೇ ಪತ್ರ ಬರೆಯಬೇಕು.

ಈ ಬೇಡಿಕೆಗಳಿಗೆ 30 ದಿನಗಳೊಳಗೆ ಲಿಖಿತ ಉತ್ತರ ಕೋರಲಾಗಿದೆ. ಯಾವುದಾದರೂ ಸಾಧ್ಯವಿಲ್ಲವೆಂದಾದರೆ ಕಾರಣವನ್ನೂ ತಿಳಿಸಬೇಕು. ಮನವಿಯ ಪ್ರತಿಗಳನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೂ ಕ್ಲಬ್ಬಿನ ಆಡಳಿತಕ್ಕೂ ಕಳಿಸಲಾಗುತ್ತಿದೆ.