ನಾಚಬೇಕಾದವರು ಯಾರು?

1984ರಲ್ಲಿ ತೆರೆಕಂಡ ‘ಅನುಭವ’ ಎಂಬ ಕನ್ನಡ ಚಿತ್ರದ ಹೆಸರನ್ನು ಇಂದಿನ ತರುಣರಲ್ಲಿ ಅನೇಕರು ಕೇಳಿರಲಿಕ್ಕಿಲ್ಲ. ಕೇಳಿದ ಹಿರಿಯರು ನಾಲ್ಕು ಜನರೆದುರು ಅದರ ಮಾತೆತ್ತುವುದಿಲ್ಲ. ಕಾಶೀನಾಥರು ನಿರ್ದೇಶಿಸಿ, ತಾವೇ ನಟಿಸಿದ ಆ ಚಿತ್ರಕ್ಕೆ ‘ಕಾಮದ ಚಿತ್ರ’ವೆಂಬ ಹಣೆಪಟ್ಟಿ ಅಂದೇ ಬಿತ್ತು. ಆದರೂ ಜನ ಮುಗಿಬಿದ್ದು ನೋಡಿದರು. 1986ರಲ್ಲಿ ಅದೇ ಕಥೆ ಹಿಂದಿಗೂ ಹೋಯಿತು.

ದುಡಿಯುವವರ ಪತ್ರಿಕೆಗೆ ಇಂಥ ಚಿತ್ರದ ಗೊಡವೆ ಏಕೆಂದು ಕೆಲವು ಸಂಗಾತಿಗಳು ಹುಬ್ಬೇರಿಸಬಹುದು. ಗೊಡವೆ ಇದೆ. ಆ ಕಥೆಯ ತಿರುಳು ಕಾಮವಲ್ಲ, ಮದುವೆ. ಮದುವೆಯೆಂದರೇನೆಂದು ತಿಳಿಯುವ ಮೊದಲೇ ಹೆಂಡತಿಯಾದ ಹಳ್ಳಿಯ ಎಳೆಯ ಹುಡುಗಿಯ ಪಾಡು ಅದು. ಸಭ್ಯ ಮಹಾಶಯರು ತೆರೆಯ ಮೇಲಿನ ಮೈಯನ್ನು ಕಂಡು ‘ಅಶ್ಲೀಲ, ಅಶ್ಲೀಲ’ ಎಂದರು. ಆ ಹುಡುಗಿಯ ವಯಸ್ಸನ್ನು ಕಂಡು ಹಾಗೆನ್ನಲಿಲ್ಲ.

ಚಿತ್ರ ನಿರ್ದೋಷಿಯೆಂದು ನಾನು ವಾದಿಸುವುದಿಲ್ಲ. ಹೇಳಬೇಕಾದ ಮಾತಿನ ಜತೆಗೆ ಗಲ್ಲಾಪೆಟ್ಟಿಗೆಗೆ ಬೇಕಾದ ಸರಕನ್ನೂ ಅದರಲ್ಲಿ ಬೆರೆಸಿದ್ದಾರೆ. ಅಕ್ಕಿಗೆ ಕಲ್ಲು ಬೆರೆಸಿದರೆ ತಪ್ಪು ಮಾರಿದವನದೇ, ನಿಜ. ಆದರೆ ಕೊಂಡವನು ಕಲ್ಲನ್ನೇ ಆರಿಸಿಟ್ಟುಕೊಂಡು ಅಕ್ಕಿಯನ್ನು ಬೀದಿಗೆ ಚೆಲ್ಲಿದರೆ ಏನೆನ್ನೋಣ?

ಇನ್ನು ಕಳಂಕ ಯಾರ ಪಾಲಿಗೆ ಬಂತೆಂಬುದನ್ನು ನೋಡಿ. ಹಣ ಹೂಡಿದವನು ಲಾಭವೆಣಿಸಿದ. ಟಿಕೆಟ್ ಹರಿದವನು ತನ್ನ ಪಾಲು ಪಡೆದ. ನೋಡಿದ ಗಂಡಸು ಮುಖ ಒರೆಸಿಕೊಂಡು ಮನೆಗೆ ಹೋದ. ಹಣೆಪಟ್ಟಿ ಉಳಿದದ್ದು ನಟಿಸಿದ ಹೆಣ್ಣಿಗೆ. ಆ ಚಿತ್ರದಲ್ಲಿ ನಟಿಸಿದ ಉಮಾಶ್ರೀ ನಮ್ಮ ಜಿಲ್ಲೆಯವರೇ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದವರು. ಅನಂತರ ಬಹುಕಾಲ ಚಿತ್ರರಂಗ ಅವರಿಗೆ ಕೊಟ್ಟದ್ದು ಹೆಚ್ಚಾಗಿ ದ್ವಂದ್ವಾರ್ಥದ ಹಾಸ್ಯಪಾತ್ರಗಳನ್ನು. ರಂಗದ ಮೇಲೆ ‘ಒಡಲಾಳ’ದ ಸಾಕವ್ವನಾಗಿ ಅವರು ನಿಂತದ್ದನ್ನು ಕಂಡವರಿಗೆ ಅವರ ಶಕ್ತಿ ಗೊತ್ತಿತ್ತು. ‘ಗುಲಾಬಿ ಟಾಕೀಸ್’ ಚಿತ್ರಕ್ಕೆ, ಅಂದರೆ 2008ರ ಸಾಲಿಗೆ, ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಬಂದಾಗ ಬೈದವರೂ ಚಪ್ಪಾಳೆ ತಟ್ಟಿದರು. 2013ರಲ್ಲಿ ನೇಕಾರರ ನೆಲವಾದ ತೇರದಾಳದ ಮತದಾರರು ಅವರನ್ನು ವಿಧಾನಸಭೆಗೆ ಕಳಿಸಿದರು, ಅವರು ಮಂತ್ರಿಯೂ ಆದರು. ದುಡಿಯುವ ಜನಕ್ಕೆ ಆ ಹಣೆಪಟ್ಟಿ ಅಡ್ಡ ಬರಲಿಲ್ಲ!

ಇದು ಹೊಸ ರೋಗವೇನಲ್ಲ. 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯಲ್ಲಿ ಹೆಂಗಸರು ಬಣ್ಣ ಹಚ್ಚಿದರು. ರಂಗಕ್ಕೆ ಬಂದ ಹೆಂಗಸರನ್ನು ಸಮಾಜ ನೋಡಿದ ಬಗೆ ಹಿರಿಯರಿಗೆ ತಿಳಿದದ್ದೇ. ರಾತ್ರಿ ಮುಂದಿನ ಸಾಲಿನಲ್ಲಿ ಕೂತು ಆನಂದಿಸುವುದು, ಬೆಳಿಗ್ಗೆ ಜಗಲಿಯಲ್ಲಿ ಕೂತು ಮೂಗು ಮುರಿಯುವುದು. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳ ಬಗ್ಗೆ ಆಡುವ ನಾಲಗೆಯೂ ಇದೇ ಅಲ್ಲವೆ?

ನಾನು ಮೇಷ್ಟರಾಗಿದ್ದಾಗ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಹಾಜರಿ ಕೂಗುತ್ತಿದ್ದೆ. ಒಂದು ಹೆಸರಿಗೆ ಉತ್ತರ ಬರಲಿಲ್ಲ. ‘ಅವಳಿಗೆ ಮದುವೆ ಆಯ್ತು ಸಾರ್’ ಎಂದಳು ಪಕ್ಕದ ಹುಡುಗಿ. ತರಗತಿಯಲ್ಲಿ ಯಾರೂ ಬೆರಗಾಗಲಿಲ್ಲ. ಊರಿನಲ್ಲಿ ಯಾರೂ ಅದನ್ನು ಅಶ್ಲೀಲವೆನ್ನಲಿಲ್ಲ. ಊಟಕ್ಕೆ ಹೋಗಿ ಬಂದಿದ್ದರು.

ಹೆಣ್ಣಿನ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿದ್ದು 1978ರಲ್ಲಿ. 2006ರಲ್ಲಿ ಹೊಸ ಶಾಸನವೂ ಬಂತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಲ್ಲೊಬ್ಬರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಡತನ, ಸಾಲ, ವರದಕ್ಷಿಣೆಯ ಭಯ ಇದರ ಬೇರುಗಳು. ಬೇರು ಕೀಳುವ ಕೆಲಸವನ್ನು ಸೆನ್ಸಾರಿನ ಕತ್ತರಿ ಮಾಡಲಾರದು.

ಸಂಗಾತಿಗಳೇ, ಚಿತ್ರ ನೋಡುವುದು ಬಿಡುವುದು ನಿಮ್ಮಿಷ್ಟ. ಆದರೆ ಕುಣಿಗಲಿನಲ್ಲಾಗಲಿ, ಗುಬ್ಬಿಯಲ್ಲಾಗಲಿ, ನಮ್ಮದೇ ಬೀದಿಯಲ್ಲಾಗಲಿ, ಎಳೆಯ ಹುಡುಗಿಯ ಲಗ್ನಪತ್ರಿಕೆ ಕೈಗೆ ಬಂದರೆ ಊಟಕ್ಕೆ ಹೋಗಬೇಡಿ. 1098ಕ್ಕೆ ದೂರವಾಣಿ ಮಾಡಿ, ಮದುವೆ ನಿಲ್ಲಿಸಿ. ನಾಚಿಕೆಪಡಬೇಕಾದ ಜಾಗ ಸಿನಿಮಾ ಕೊಟ್ಟಿಗೆಯಲ್ಲ, ಆ ಚಪ್ಪರ.