ಉಣ್ಣುವ ಕಾಳು ನಮ್ಮ ಹೊಲದಲ್ಲೇ ಇರಲಿ

ನಾನು ಕೋಲಾರ ಸೀಮೆಯ ಎರಡೂವರೆ ಎಕರೆ ರೈತ. 2020ರಲ್ಲಿ ಕೊರೊನಾ ಬಂದಾಗ ಸ್ವಾತಂತ್ರ್ಯದ ಮಾತು ಎಲ್ಲರ ಬಾಯಲ್ಲೂ ಇತ್ತು. ಮಾಸ್ಕ್ ಹಾಕಿಕೊಂಡು ಸಂತೆಯಲ್ಲಿ ಮಾರು ದೂರ ನಿಂತರೆ ಸ್ವಾತಂತ್ರ್ಯ ಹೋಯಿತೆಂದು ನನಗಂತೂ ಅನ್ನಿಸಲಿಲ್ಲ. ರೋಗ ಸುಳ್ಳಾಗಿರಲಿಲ್ಲ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಳು. ನನ್ನ ಚಿಂತೆ ಬೇರೆ.

ಲಾಕ್‌ಡೌನ್ ಶುರುವಾಗಿದ್ದು ಮಾರ್ಚ್ 25, ಯುಗಾದಿಯ ದಿನ. ಹಬ್ಬಕ್ಕೆಂದೇ ಬೆಳೆಸಿದ್ದ ಅರ್ಧ ಎಕರೆ ಚೆಂಡು ಹೂವು ಗಿಡದಲ್ಲೇ ಉಳಿಯಿತು. ಬೇಸಾಯಕ್ಕೂ ಮಂಡಿಗೂ ವಿನಾಯಿತಿ ಇದೆಯೆಂದು 27ರಂದು ಕೇಂದ್ರದ ಆದೇಶವೇನೋ ಬಂತು. ಆದರೆ ಗುಡಿಗಳ ಬಾಗಿಲು ಹಾಕಿತ್ತು, ಮದುವೆಗಳು ನಿಂತಿದ್ದವು, ಕೊಳ್ಳುವವರು ಯಾರು? ಕೊನೆಗೆ ರೋಟವೇಟರ್ ಹೊಡೆಸಿ ಹೂವನ್ನು ಮಣ್ಣಿಗೆ ಸೇರಿಸಿದೆವು, ಅದರ ಬಾಡಿಗೆಯೂ ಕೈಯಿಂದಲೇ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು. ಅರ್ಧ ಎಕರೆಗೆ ಲೆಕ್ಕ ಹಾಕಿದರೆ ಐದು ಸಾವಿರದ ಆಸುಪಾಸು.

ಅದೇ ಹೊಲದ ಇನ್ನೊಂದು ಮಗ್ಗುಲಲ್ಲಿ ಹಿಂದಿನ ಮಳೆಗಾಲ ರಾಗಿ ಹಾಕಿದ್ದೆವು. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬದುವಿನ ಮೇಲೆ ನಾಲ್ಕು ಹರಳು ಗಿಡ. ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ತಮ್ಮನ ಸಂಸಾರವೂ ಬಂದು ಸೇರಿಕೊಂಡಿತು, ಉಣ್ಣುವವರು ಇಮ್ಮಡಿಯಾದರು. ಆದರೂ ಮುದ್ದೆಗಾಗಲೀ ಸಾರಿಗಾಗಲೀ ಓಡಾಟದ ಪಾಸು ಬೇಕಾಗಲಿಲ್ಲ. ಪಡಿತರದ ಉಚಿತ ಅಕ್ಕಿಯನ್ನು ಹಗುರವಾಗಿ ಕಾಣುವವನಲ್ಲ ನಾನು; ಕೂಲಿ ನಿಂತ ಮನೆಗಳ ಒಲೆ ಉರಿದದ್ದು ಅದರಿಂದಲೇ.

ರಾಗಿಯಿಂದ ಮಗಳ ಕಾಲೇಜು ಫೀಸು ಹುಟ್ಟುವುದಿಲ್ಲ, ಗೊತ್ತು. ಹೂವು, ಟೊಮೆಟೊ ಬಿಟ್ಟುಬಿಡಿ ಎಂದು ಯಾರಿಗೂ ಹೇಳಲಾರೆ, ನಾನೂ ಬಿಡುವವನಲ್ಲ. ಆದರೆ ಆ ವರ್ಷದ ಜೂನ್‌ನಲ್ಲಿ ದಲ್ಲಾಳಿಯೊಬ್ಬರು ಮನೆಗೆ ಬಂದು, ‘ಬೀಜ ಗೊಬ್ಬರಕ್ಕೆ ಮುಂಗಡ ಕೊಡ್ತೀನಿ, ಮಾಲೆಲ್ಲ ನನಗೇ ಹಾಕ್ಬೇಕು’ ಅಂದರು. ‘ನೋಡೋಣ ಬಿಡಿ ಅಣ್ಣ’ ಅಂದೆ. ಕಾಳು ತುಂಬಿಡುವ ವಾಡೆಯಲ್ಲಿ ರಾಗಿ ಇಲ್ಲದಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಹೊಟ್ಟೆಗೆ ಆತುರವಿಲ್ಲದವನು ಮಾತ್ರ ದರ ಕೇಳಬಲ್ಲ, ಬೇಡ ಅನ್ನಬಲ್ಲ.

ಸ್ವಾತಂತ್ರ್ಯದ ಇದೇ ಮಾತು ಆ ವರ್ಷ ಭೂಮಿಗೂ ಬಂತು. ಬೇಸಾಯಗಾರರಲ್ಲದವರು ಜಮೀನು ಕೊಳ್ಳದಂತೆ 1974ರಿಂದ ತಡೆದಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ತೆಗೆದುಹಾಕಿತು. ರೈತ ಯಾರಿಗೆ ಬೇಕಾದರೂ ಮಾರಬಹುದು, ಅದೂ ಸ್ವಾತಂತ್ರ್ಯವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಎರಡು ಬೆಳೆ ಕೈಕೊಟ್ಟು, ಬಡ್ಡಿ ಕುತ್ತಿಗೆಗೆ ಬಂದಿರುವ ಹೊತ್ತಿನಲ್ಲಿ ಮಾರುವುದನ್ನು ಆ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬಾರದು. ಬೆಲೆ ಚೆನ್ನಾಗಿಯೇ ಬರಬಹುದು. ಆ ದುಡ್ಡಿನಲ್ಲಿ ಅದೇ ಊರಲ್ಲಿ ಮತ್ತೆ ಒಂದು ಗುಂಟೆ ಕೊಂಡವರನ್ನು ನಾನಂತೂ ನೋಡಿಲ್ಲ.

ಊರಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಬೋರ್‌ವೆಲ್ ನೀರು ಎಷ್ಟೇ ಇರಲಿ, ಹೊಲದ ಒಂದು ಪಾಲನ್ನು ಉಣ್ಣುವ ಕಾಳಿಗೆ ಬಿಡಿ. ರಾಗಿಗೆ ಹದ ತಪ್ಪಿದರೆ ಹುರುಳಿಯಾದರೂ ಚೆಲ್ಲಿ. ಅವರೆ ಬೀಜ ಇಲ್ಲದವರು ನೆರೆಮನೆಯಲ್ಲಿ ಕೇಳಿ, ಸುಗ್ಗಿಗೆ ಅಷ್ಟೇ ಅಳೆದು ಕೊಟ್ಟರಾಯಿತು. ಬೆಂಗಳೂರಿನ ಬಂಧುಗಳೇ, ಲಾಕ್‌ಡೌನಿನಲ್ಲಿ ನಿಮ್ಮ ಅಪಾರ್ಟ್‌ಮೆಂಟುಗಳ ಗೇಟಿಗೆ ತರಕಾರಿ ತಂದ ರೈತರ ಫೋನ್ ನಂಬರ್ ಇನ್ನೂ ಇಟ್ಟುಕೊಂಡಿದ್ದೀರಾ? ಹತ್ತು ಮನೆಯವರು ಸೇರಿ ಅವರಿಗೇ ಬರುವ ಸುಗ್ಗಿಯ ರಾಗಿ, ಅವರೆ ಬೇಕೆಂದು ಮೊದಲೇ ಹೇಳಿಡಿ, ದರವನ್ನೂ ಮಾತಾಡಿ. ಭೂಮಿಯ ಆ ಸುಗ್ರೀವಾಜ್ಞೆ ಆಮೇಲೆ ಸದನದಲ್ಲಿ ಕಾಯ್ದೆಯೇ ಆಯಿತು. ಅದರ ಬಗ್ಗೆ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ. ಊರಿನವರು ಬರೆದರೆ ರೈತರ ಗಲಾಟೆ ಅನ್ನುತ್ತಾರೆ, ಪಟ್ಟಣದವರೂ ಬರೆದರೆ ಓದುತ್ತಾರೆ.