ಉದರದ ವಿರಳ ಕ್ಯಾನ್ಸರ್: ಒಬ್ಬರ ಕೈಯ ಕೆಲಸವಲ್ಲ

ತಿಕೋಟೆಯ ದ್ರಾಕ್ಷಿತೋಟದಲ್ಲಿಯೋ ಬಬಲೇಶ್ವರದ ಎರೆಹೊಲದಲ್ಲಿಯೋ ದುಡಿಯುವ ರೈತನ ಹೊಟ್ಟೆ ಉಬ್ಬತೊಡಗಿದರೆ, ಅದನ್ನು ಮೊದಲು ವಾಯುವೆಂದೂ ಆಮೇಲೆ ಜಲೋದರವೆಂದೂ ಬಗೆದು ತಿಂಗಳುಗಳನ್ನು ಕಳೆಯುವುದುಂಟು. ಬಹುಮಟ್ಟಿಗೆ ರೋಗವು ಸಾಮಾನ್ಯವಾದುದೇ ಆಗಿರುತ್ತದೆ. ಆದರೆ ಅದು ವಿರಳವಾದ ಕ್ಯಾನ್ಸರ್ ಆಗಿದ್ದ ಪಕ್ಷದಲ್ಲಿ, ಮೊದಲನೆಯ ಶಸ್ತ್ರಕ್ರಿಯೆಯೇ ರೋಗಿಯ ಅಳಿವು ಉಳಿವುಗಳನ್ನು ಬಹಳಷ್ಟು ನಿರ್ಣಯಿಸುತ್ತದೆ.

ಉದರದ ಹಿಂಗೋಡೆಯಲ್ಲಿ ಬೆಳೆಯುವ ಸಾರ್ಕೋಮಾ ಗಡ್ಡೆಯನ್ನು ಇಡಿಯಾಗಿ ತೆಗೆಯಬೇಕು. ಒಮ್ಮೊಮ್ಮೆ ಅದರೊಡನೆ ಮೂತ್ರಪಿಂಡವನ್ನೂ ಕರುಳಿನ ಭಾಗವನ್ನೂ ತೆಗೆಯಬೇಕಾದೀತು. ಗಡ್ಡೆಯು ಒಡೆದರೆ ರೋಗಬೀಜವು ಹೊಟ್ಟೆಯೆಲ್ಲ ಹರಡುವ ಭಯವುಂಟು. ಅಪೆಂಡಿಕ್ಸಿನಿಂದ ಹೊರಟು ಉದರವನ್ನು ಲೋಳೆಯಿಂದ ತುಂಬುವ ಇನ್ನೊಂದು ರೋಗವು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಕೆಲವರಿಗಷ್ಟೇ ಬರುವಂಥದು. ಅದರಲ್ಲಿ ರೋಗಗ್ರಸ್ತ ಪೊರೆಗಳನ್ನು ಬಿಡಿಸಿ, ಸುಮಾರು 42 ಡಿಗ್ರಿ ಸೆಲ್ಸಿಯಸ್ ಕಾವಿನ ಔಷಧದಿಂದ ಹೊಟ್ಟೆಯನ್ನು ತೊಳೆಯುತ್ತಾರೆ. ಇಂಥ ಕಾರ್ಯವನ್ನು ಒಬ್ಬ ಶಸ್ತ್ರವೈದ್ಯನು, ಎಷ್ಟೇ ನಿಪುಣನಿರಲಿ, ಏಕಾಕಿಯಾಗಿ ನಿರ್ವಹಿಸಲಾರನು. ಸ್ಕ್ಯಾನ್ ಓದುವವರು, ಗಡ್ಡೆಯ ತುಣುಕನ್ನು ಪರೀಕ್ಷಿಸುವವರು, ಅರಿವಳಿಕೆಯವರು, ಕಿಮೋಥೆರಪಿಯ ವೈದ್ಯರು ಇವರೆಲ್ಲರೂ ಶಸ್ತ್ರವನ್ನು ಎತ್ತುವ ಮೊದಲೇ ಒಂದೆಡೆ ಕುಳಿತು ವಿಚಾರಿಸತಕ್ಕದ್ದು. ಇಂಗ್ಲೆಂಡಿನಲ್ಲಿ 1995ರ ಸರಕಾರಿ ವರದಿಯೊಂದು ಕ್ಯಾನ್ಸರ್ ಚಿಕಿತ್ಸೆಗೆ ಇದೇ ಕ್ರಮವನ್ನು ವಿಧಿಸಿತು.

ಹಾಗಾದರೆ ಪ್ರತಿಯೊಂದು ಊರಿಗೂ ದುಬಾರಿ ಯಂತ್ರಗಳು ಬೇಕೆ? ನಾವು ಹಾಗೆ ಹೇಳುವುದಿಲ್ಲ. ವಿರಳ ರೋಗದಲ್ಲಿ ಕೈ ಪಳಗುವುದು ಅನೇಕ ರೋಗಿಗಳು ಒಂದೆಡೆ ಕೂಡಿದಾಗಲೇ. ಕಠಿಣ ಶಸ್ತ್ರಕ್ರಿಯೆಯು ದೊಡ್ಡ ಕೇಂದ್ರಗಳಲ್ಲಿಯೇ ನಡೆಯಲಿ. ಆದರೆ ವಿಚಾರವು ವಿಜಯಪುರದಲ್ಲಿಯೇ ಆರಂಭವಾಗಲಿ. ಫ. ಗು. ಹಳಕಟ್ಟಿಯವರು 1910ರಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದ ಊರಿದು. ವೈದ್ಯಕೀಯ ಕಾಲೇಜೂ ಇಲ್ಲಿದೆ. ನಗರದ ಸರಕಾರಿ ಹಾಗೂ ಖಾಸಗಿ ವೈದ್ಯರು ವಾರಕ್ಕೊಮ್ಮೆ ಕೂಡಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕೇಂದ್ರಗಳ ತಜ್ಞರೊಡನೆ ದೂರಸಂಪರ್ಕದಿಂದ ಆಲೋಚಿಸುವುದಕ್ಕೆ ಹಣಕ್ಕಿಂತ ಮನಸ್ಸೇ ಹೆಚ್ಚು ಬೇಕು.

ಇನ್ನು ಸರಕಾರದ ಹೊಣೆ. 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನು ಒದಗಿಸಿದ್ದು ಸ್ತುತ್ಯವೇ. ಆದರೆ 500 ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿ ರೋಗಿಯೊಡನೆ ವಾರಗಟ್ಟಲೆ ನಿಲ್ಲುವ ಮನೆಯವರ ಊಟ, ವಸತಿ, ತಪ್ಪಿದ ಕೂಲಿ ಇವುಗಳ ಭಾರವೇ ಅನೇಕರನ್ನು ಅರ್ಧದಾರಿಯಲ್ಲಿ ಹಿಂದಿರುಗಿಸಬಲ್ಲದು. ವಿರಳ ರೋಗದ ರೋಗಿಗಳು ಸಂಖ್ಯೆಯಲ್ಲಿ ಅಲ್ಪರು. ಆದುದರಿಂದ ಅವರ ಪ್ರಯಾಣ-ವಸತಿಗಳ ವೆಚ್ಚವನ್ನು ಹೊರುವುದು ಬೊಕ್ಕಸಕ್ಕೆ ದೊಡ್ಡ ಹೊರೆಯಾಗಲಾರದು. ಅಲ್ಪಸಂಖ್ಯೆಯೇ ಅಲಕ್ಷ್ಯಕ್ಕೆ ಕಾರಣವಾಗದಿರಲೆಂದು ನಾವು ಅಧಿಕಾರಿಗಳನ್ನೂ ವೈದ್ಯಬಂಧುಗಳನ್ನೂ ಒತ್ತಾಯದಿಂದ ಕೇಳಿಕೊಳ್ಳುತ್ತೇವೆ.